ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಸಮಸ್ಯೆಯ ಬೇರು ಹುಡುಕುವ ಬಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ರೋಗ ಒಂದು ಪ್ರಾಣಿಗೆ, ಚಿಕಿತ್ಸೆ ಇನ್ನೊಂದಕ್ಕೆ ಎಂಬುದು ಅದರಲ್ಲಿ ಮೇಲ್ನೋಟಕ್ಕೆ ಕಾಣುವ ತಪ್ಪು. ಜ್ವರ ಏಕೆ ಬಂತು ಎಂದು ಯಾರೂ ಕೇಳಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ತಪ್ಪು. ಬರೆಯನ್ನು ಎತ್ತಿಗೇ ಹಾಕಿದ್ದರೂ ಜ್ವರದ ಮೂಲ ಇದ್ದಲ್ಲಿಯೇ ಇರುತ್ತಿತ್ತು.

ಈ ಗಾದೆ ಇಂದಿಗೂ ಎಷ್ಟು ಪ್ರಸ್ತುತ ಎಂಬುದಕ್ಕೆ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪ್ರತಿ ಮಳೆಗಾಲದಲ್ಲೂ ಅದೇ ರಸ್ತೆಯ ಅದೇ ಗುಂಡಿ ಬಾಯ್ದೆರೆಯುತ್ತದೆ. ಅದಕ್ಕೆ ಜಲ್ಲಿ, ಡಾಂಬರು ಸುರಿದು ಕೈತೊಳೆದುಕೊಳ್ಳಲಾಗುತ್ತದೆ. ರಸ್ತೆಯ ಮೇಲೆ ನೀರು ಏಕೆ ನಿಲ್ಲುತ್ತಿದೆ, ಪಕ್ಕದ ಚರಂಡಿ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡುವವರು ಕಡಿಮೆ. ಕಚೇರಿಯಲ್ಲಿ ಕಡತ ಕಳೆದರೆ ಗುಮಾಸ್ತನಿಗೆ ನೋಟಿಸ್ ಹೋಗುತ್ತದೆ. ಆರು ತಿಂಗಳ ನಂತರ ಇನ್ನೊಬ್ಬ ಗುಮಾಸ್ತನ ಮೇಜಿನಿಂದ ಇನ್ನೊಂದು ಕಡತ ಕಳೆಯುತ್ತದೆ.

ಸಮಸ್ಯೆಗಳ ಬುಡಕ್ಕೆ ಇಳಿದು ನೋಡುವುದಕ್ಕೂ ಒಂದು ಶಾಸ್ತ್ರವಿದೆ. ಕಾರ್ಖಾನೆ, ಆಸ್ಪತ್ರೆ, ವಿಮಾನಯಾನ, ಬಾಹ್ಯಾಕಾಶ ವಿಜ್ಞಾನ ಮೊದಲಾದ ಕ್ಷೇತ್ರಗಳಲ್ಲಿ ಅದು ಹಲವು ದಶಕಗಳಿಂದ ಬೆಳೆದುಬಂದಿದೆ. ಅದನ್ನು ಮೂಲಕಾರಣ ವಿಶ್ಲೇಷಣೆ ಎಂದು ಕರೆಯಬಹುದು. ಅದರ ವಿಧಾನಗಳು ಹಲವು. ಆದರೆ ಅವೆಲ್ಲಕ್ಕೂ ತಳಹದಿಯಾದ ತತ್ವ ಒಂದೇ: 'ಯಾರು ಮಾಡಿದರು?' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಕೂಡಲೇ ವಿಚಾರಣೆ ನಿಂತುಬಿಡುತ್ತದೆ, 'ಏಕೆ ಆಯಿತು?' ಎಂಬ ಪ್ರಶ್ನೆ ಮಾತ್ರ ವಿಚಾರಣೆಯನ್ನು ಮುಂದಕ್ಕೆ ಒಯ್ಯುತ್ತದೆ.

ಮೂಲಕಾರಣ ಎಂದರೇನು?

ಯಾವುದೇ ಸಮಸ್ಯೆಯಲ್ಲಿ ಮೂರು ಪದರಗಳನ್ನು ಗುರುತಿಸಬಹುದು. ಕಣ್ಣಿಗೆ ಬೀಳುವುದು ಲಕ್ಷಣ. ಅದರ ಹಿಂದೆ ಇರುವುದು ತತ್‌ಕ್ಷಣದ ಕಾರಣ. ಅದಕ್ಕೂ ಹಿಂದೆ, ಆ ಕಾರಣ ಹುಟ್ಟಲು ಅವಕಾಶ ಮಾಡಿಕೊಟ್ಟ ವ್ಯವಸ್ಥೆಯ ದೋಷವಿರುತ್ತದೆ. ಯಾವುದನ್ನು ಸರಿಪಡಿಸಿದರೆ ಅದೇ ಸಮಸ್ಯೆ ಮತ್ತೆ ತಲೆಯೆತ್ತುವುದಿಲ್ಲವೋ ಅದು ಮೂಲಕಾರಣ.

ಈ ವ್ಯಾಖ್ಯೆಯಲ್ಲಿ ಎರಡು ಅಂಶಗಳು ಅಡಗಿವೆ. ಮೊದಲನೆಯದಾಗಿ, ಮೂಲಕಾರಣವು ಮನುಷ್ಯಪ್ರಯತ್ನದಿಂದ ಬದಲಾಯಿಸಬಹುದಾದದ್ದು ಆಗಿರಬೇಕು. 'ಮಳೆ ಬಂತು, ಆದ್ದರಿಂದ ಬೀದಿಯಲ್ಲಿ ನೀರು ನಿಂತಿತು' ಎಂಬುದು ಸತ್ಯವೇ ಇರಬಹುದು. ಆದರೆ ಮಳೆಯನ್ನು ನಿಲ್ಲಿಸುವುದು ಯಾವ ನಗರಪಾಲಿಕೆಗೂ ಸಾಧ್ಯವಿಲ್ಲ. ಎರಡನೆಯದಾಗಿ, ಮೂಲಕಾರಣ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಮರಕ್ಕೆ ತಾಯಿಬೇರಿನ ಜೊತೆಗೆ ಹತ್ತಾರು ಪಕ್ಕದ ಬೇರುಗಳೂ ಇರುತ್ತವಲ್ಲವೇ?

ಐದು ಬಾರಿ 'ಏಕೆ?'

ಬೇರು ಹುಡುಕುವ ವಿಧಾನಗಳಲ್ಲಿ ಅತ್ಯಂತ ಸರಳವಾದುದು ಜಪಾನಿನಿಂದ ಬಂದಿದೆ. ಟೊಯೋಟಾ ಸಮೂಹದ ಮೂಲಪುರುಷ ಸಕಿಚಿ ಟೊಯೋಡಾ ಮಗ್ಗಗಳನ್ನು ರೂಪಿಸಿದ ಸಂಶೋಧಕ. ನೂಲು ಹರಿದ ಕೂಡಲೇ ತಾನಾಗಿಯೇ ನಿಲ್ಲುವ ಮಗ್ಗ ಅವರ ಪ್ರಸಿದ್ಧ ಸಾಧನೆಗಳಲ್ಲೊಂದು. ದೋಷ ಕಂಡ ಕ್ಷಣದಲ್ಲೇ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು ಎಂಬ ಆ ವಿಚಾರ ಮುಂದೆ ಅವರ ಕುಟುಂಬ ಕಟ್ಟಿದ ಮೋಟಾರು ಕಾರ್ಖಾನೆಯ ಸಂಸ್ಕೃತಿಯಾಯಿತು. ಅಲ್ಲಿನ ಎಂಜಿನಿಯರ್ ತೈಚಿ ಓನೊ ಅದಕ್ಕೆ 'ಐದು ಬಾರಿ ಏಕೆ' ಎಂಬ ಶಿಸ್ತಿನ ರೂಪ ಕೊಟ್ಟರು.

ಟೊಯೋಟಾ ಉತ್ಪಾದನಾ ವಿಧಾನದ ಕುರಿತು ಓನೊ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರುವ ಉದಾಹರಣೆಯ ಸಾರಾಂಶ ಹೀಗಿದೆ. ಯಂತ್ರವೊಂದು ನಿಂತಿತು. ಏಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ ಹೆಚ್ಚಾಯಿತು? ಬೇರಿಂಗ್‌ಗೆ ಸಾಕಷ್ಟು ಎಣ್ಣೆ ತಲುಪಲಿಲ್ಲ. ಎಣ್ಣೆ ಏಕೆ ತಲುಪಲಿಲ್ಲ? ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಏಕೆ? ಪಂಪಿನ ದಂಡ ಸವೆದಿತ್ತು. ದಂಡ ಏಕೆ ಸವೆಯಿತು? ಎಣ್ಣೆಯನ್ನು ಸೋಸುವ ಜಾಲರಿ ಇರಲಿಲ್ಲ, ಲೋಹದ ಚೂರುಗಳು ಒಳಗೆ ಸೇರಿದ್ದವು.

ಮೊದಲ ಉತ್ತರಕ್ಕೇ ತೃಪ್ತರಾಗಿದ್ದರೆ ಫ್ಯೂಸ್ ಬದಲಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಲಾಗುತ್ತಿತ್ತು. ಅದು ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲುತ್ತಿತ್ತು. ನಾಲ್ಕನೆಯ ಉತ್ತರಕ್ಕೆ ನಿಂತಿದ್ದರೆ ದಂಡವನ್ನು ಬದಲಿಸಲಾಗುತ್ತಿತ್ತು. ಹೊಸ ದಂಡವೂ ಕಾಲಕ್ರಮದಲ್ಲಿ ಸವೆಯುತ್ತಿತ್ತು. ಒಂದು ಜಾಲರಿ ಅಳವಡಿಸುವುದೇ ನಿಜವಾದ ಪರಿಹಾರ ಎಂಬುದು ಐದನೆಯ ಪ್ರಶ್ನೆಯ ನಂತರವಷ್ಟೇ ಹೊಳೆಯುತ್ತದೆ.

ಐದು ಎಂಬುದು ಮಂತ್ರಸಂಖ್ಯೆಯೇನಲ್ಲ. ಕೆಲವೊಮ್ಮೆ ಮೂರು ಪ್ರಶ್ನೆ ಸಾಕು, ಕೆಲವೊಮ್ಮೆ ಎಂಟು ಬೇಕಾಗಬಹುದು. ಸರಪಣಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಸುಲಭೋಪಾಯವಿದೆ. ಕೊನೆಯ ಉತ್ತರದಿಂದ ಆರಂಭಿಸಿ, ನಡುವೆ 'ಆದ್ದರಿಂದ' ಸೇರಿಸುತ್ತ ಹಿಂದಕ್ಕೆ ಓದಬೇಕು. ಜಾಲರಿ ಇರಲಿಲ್ಲ, ಆದ್ದರಿಂದ ಚೂರುಗಳು ಸೇರಿದವು. ಚೂರುಗಳು ಸೇರಿದವು, ಆದ್ದರಿಂದ ದಂಡ ಸವೆಯಿತು. ಹೀಗೆ ಓದುವಾಗ ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲಿ ಒಂದು ಕೊಂಡಿ ಕಳಚಿದೆ ಎಂದರ್ಥ.

ಮೀನಿನ ಮುಳ್ಳಿನ ಚಿತ್ರ

'ಏಕೆ' ವಿಧಾನಕ್ಕೆ ಒಂದು ಮಿತಿಯಿದೆ. ಅದು ಒಂದೇ ಗೆರೆಯಲ್ಲಿ ಸಾಗುತ್ತದೆ. ಪ್ರಶ್ನೆ ಕೇಳುವವರಿಗೆ ತಿಳಿದಿರುವ ದಿಕ್ಕಿನಲ್ಲಷ್ಟೇ ಹೋಗುತ್ತದೆ. ಎಂಜಿನಿಯರ್ ಕೇಳಿದರೆ ಯಂತ್ರದಲ್ಲಿ, ಲೆಕ್ಕಿಗ ಕೇಳಿದರೆ ಹಣದಲ್ಲಿ, ಮೇಲಧಿಕಾರಿ ಕೇಳಿದರೆ ನೌಕರನ ಅಶಿಸ್ತಿನಲ್ಲಿ ಉತ್ತರ ಸಿಗುವುದು ಸಹಜ.

ಈ ಕೊರತೆಯನ್ನು ತುಂಬಲು ಜಪಾನಿನ ಗುಣಮಟ್ಟ ತಜ್ಞ ಕಾವೊರು ಇಷಿಕಾವಾ ಒಂದು ಚಿತ್ರವನ್ನು ಬಳಕೆಗೆ ತಂದರು. ಮಧ್ಯೆ ಮೀನಿನ ಬೆನ್ನೆಲುಬಿನಂತಹ ಗೆರೆ. ತಲೆಯ ಜಾಗದಲ್ಲಿ ಸಮಸ್ಯೆ. ಎರಡೂ ಬದಿಯಲ್ಲಿ ಮುಳ್ಳುಗಳಂತೆ ಕಾರಣಗಳ ಗುಂಪುಗಳು. ಸಾಮಾನ್ಯವಾಗಿ ಜನ, ಯಂತ್ರ, ಸಾಮಗ್ರಿ, ಕಾರ್ಯವಿಧಾನ, ಅಳತೆ, ಪರಿಸರ ಎಂಬ ಆರು ಗುಂಪುಗಳನ್ನು ಇಟ್ಟುಕೊಳ್ಳಲಾಗುತ್ತದೆ.

ಒಂದು ಕಚೇರಿಯಲ್ಲಿ ಅರ್ಜಿಗಳ ವಿಲೇವಾರಿ ತಡವಾಗುತ್ತಿದೆ ಎಂದುಕೊಳ್ಳೋಣ. ಜನ ಎಂಬ ಮುಳ್ಳಿನಲ್ಲಿ ಖಾಲಿ ಹುದ್ದೆಗಳು ಬರುತ್ತವೆ. ಯಂತ್ರದಲ್ಲಿ ಕೈಕೊಡುವ ಕಂಪ್ಯೂಟರ್. ಸಾಮಗ್ರಿಯಲ್ಲಿ ಅರ್ಧಂಬರ್ಧ ತುಂಬಿದ ಅರ್ಜಿಗಳು. ಕಾರ್ಯವಿಧಾನದಲ್ಲಿ, ಒಂದೇ ಕಡತಕ್ಕೆ ಏಳು ಸಹಿ ಬೇಕೆಂಬ ನಿಯಮ. ಅಳತೆಯಲ್ಲಿ, ಎಷ್ಟು ಅರ್ಜಿ ಬಂತು ಎಂಬ ಲೆಕ್ಕವಿದ್ದರೂ ಯಾವ ಮೇಜಿನಲ್ಲಿ ಎಷ್ಟು ದಿನ ಕುಳಿತಿತ್ತು ಎಂಬ ಲೆಕ್ಕವಿಲ್ಲದಿರುವುದು. ಪರಿಸರದಲ್ಲಿ, ಕಡತಗಳು ಮಳೆನೀರಿಗೆ ನೆನೆಯುವ ಕೊಠಡಿ. ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಬರೆದಾಗ, ಗುಮಾಸ್ತನ ಸೋಮಾರಿತನವೊಂದೇ ಕಾರಣ ಎಂಬ ಪೂರ್ವಗ್ರಹ ತಾನಾಗಿಯೇ ಸಡಿಲವಾಗುತ್ತದೆ.

ಆದರೆ ಎಲ್ಲ ಮುಳ್ಳುಗಳಿಗೂ ಸಮಾನ ತೂಕವಿರುವುದಿಲ್ಲ. ಆಸ್ತಿಯ ಬಹುಪಾಲು ಕೆಲವೇ ಜನರ ಕೈಯಲ್ಲಿರುವುದನ್ನು ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ ಗಮನಿಸಿದ್ದರು. ಅದೇ ರೀತಿ ಬಹುಪಾಲು ದೋಷಗಳಿಗೆ ಕೆಲವೇ ಕಾರಣಗಳಿರುತ್ತವೆ ಎಂದು ಗುಣಮಟ್ಟ ತಜ್ಞ ಜೋಸೆಫ್ ಜುರಾನ್ ಪ್ರತಿಪಾದಿಸಿ, ಆ ತತ್ವಕ್ಕೆ ಪರೇಟೊ ಹೆಸರನ್ನೇ ಇಟ್ಟರು. ಆದ್ದರಿಂದ ಚಿತ್ರ ಬರೆದಾದ ಮೇಲೆ ಎಣಿಕೆ ನಡೆಯಬೇಕು. ನೂರು ಅರ್ಜಿಗಳಲ್ಲಿ ಎಷ್ಟು ಸಹಿಗಾಗಿ ಕಾದವು, ಎಷ್ಟು ಅಪೂರ್ಣವಾಗಿದ್ದವು ಎಂದು ಲೆಕ್ಕ ಹಾಕಿದಾಗ ಕೈ ಹಾಕಬೇಕಾದ ಜಾಗ ಸ್ಪಷ್ಟವಾಗುತ್ತದೆ.

ಎಲ್ಲಿದೆ, ಎಲ್ಲಿಲ್ಲ?

ಮೂರನೆಯ ವಿಧಾನ ಪತ್ತೇದಾರಿಕೆಯನ್ನು ಹೋಲುತ್ತದೆ. ಸಮಸ್ಯೆ ಎಲ್ಲಿ ಇದೆ ಎಂದು ನೋಡಿದಷ್ಟೇ ಶ್ರದ್ಧೆಯಿಂದ, ಇರಬೇಕಾಗಿದ್ದರೂ ಎಲ್ಲಿ ಇಲ್ಲ ಎಂಬುದನ್ನೂ ನೋಡಬೇಕು. ಅಮೆರಿಕದ ಚಾರ್ಲ್ಸ್ ಕೆಪ್ನರ್ ಮತ್ತು ಬೆಂಜಮಿನ್ ಟ್ರೆಗೊ 1965ರಲ್ಲಿ ಪ್ರಕಟಿಸಿದ ಪುಸ್ತಕ ಈ ಕ್ರಮವನ್ನು ಆಡಳಿತಗಾರರಿಗೆ ಪರಿಚಯಿಸಿತು. ಆದರೆ ಅದರ ಶ್ರೇಷ್ಠ ನಿದರ್ಶನ ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನದು.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೊ ಬಡಾವಣೆಯಲ್ಲಿ ಕಾಲರಾ ಭುಗಿಲೆದ್ದಿತು. ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆ ಎಂಬುದು ಆಗಿನ ಬಹುತೇಕ ವೈದ್ಯರ ನಂಬಿಕೆ. ನೀರೇ ಕಾರಣವೆಂದು ಶಂಕಿಸಿದ್ದ ವೈದ್ಯ ಜಾನ್ ಸ್ನೋ, ಸತ್ತವರ ಮನೆಗಳನ್ನು ಗುರುತಿಸುತ್ತ ಹೋದರು. ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ಬೋರೆ ಪಂಪಿನ ಸುತ್ತ ಒತ್ತಾಗಿದ್ದವು.

ಆದರೆ ಅವರ ವಾದಕ್ಕೆ ಬಲ ಬಂದದ್ದು ವಿನಾಯಿತಿಗಳಿಂದ. ಪಂಪಿನ ಸಮೀಪದಲ್ಲೇ ಇದ್ದ, ಐನೂರಕ್ಕೂ ಹೆಚ್ಚು ಜನರಿದ್ದ ನಿರ್ಗತಿಕರ ಆಶ್ರಯಗೃಹದಲ್ಲಿ ಸತ್ತವರು ಐವರು ಮಾತ್ರ. ಅಲ್ಲಿ ಸ್ವಂತ ಬಾವಿಯಿತ್ತು. ಅದೇ ಬೀದಿಯ ಬಿಯರ್ ತಯಾರಿಕಾ ಘಟಕದ ಕೆಲಸಗಾರರು ಬದುಕುಳಿದರು. ಅವರು ಬಿಯರ್ ಕುಡಿಯುತ್ತಿದ್ದರೇ ಹೊರತು ಆ ಪಂಪಿನ ನೀರನ್ನಲ್ಲ. ಮತ್ತೊಂದೆಡೆ, ಮೈಲುಗಳಾಚೆಯ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಮಹಿಳೆಯೊಬ್ಬರು ಕಾಲರಾದಿಂದ ಸತ್ತರು. ಬ್ರಾಡ್ ಸ್ಟ್ರೀಟಿನ ನೀರಿನ ರುಚಿ ಇಷ್ಟವೆಂದು ಅವರು ಅದನ್ನು ತರಿಸಿಕೊಂಡು ಕುಡಿಯುತ್ತಿದ್ದರು. ಗಾಳಿಯೇ ಕಾರಣವಾಗಿದ್ದರೆ ಈ ಮೂರೂ ಸಂಗತಿಗಳಿಗೆ ವಿವರಣೆ ಇರುತ್ತಿರಲಿಲ್ಲ.

ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಲಾಯಿತು. ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ಆದರೆ ಬೇರು ಇನ್ನೂ ಆಳದಲ್ಲಿತ್ತು. ಜನ ಊರು ಬಿಟ್ಟು ಹೋಗಿದ್ದರಿಂದ ರೋಗ ಆಗಲೇ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಅವರೇ ದಾಖಲಿಸಿದ್ದಾರೆ. ಬಾವಿಯ ನೀರು ಕೆಟ್ಟದ್ದಾದರೂ ಏಕೆ? ಆರಂಭದಲ್ಲಿ ಸ್ನೋ ವಾದವನ್ನು ಒಪ್ಪದಿದ್ದ ಸ್ಥಳೀಯ ಪಾದ್ರಿ ಹೆನ್ರಿ ವೈಟ್‌ಹೆಡ್, ಮನೆಮನೆಗೆ ಹೋಗಿ ವಿಚಾರಿಸಿ ಉತ್ತರ ಕಂಡುಕೊಂಡರು. ಪಂಪಿನ ಪಕ್ಕದ ಮನೆಯಲ್ಲಿ ಕಾಯಿಲೆ ಬಿದ್ದಿದ್ದ ಹಸುಗೂಸಿನ ಬಟ್ಟೆ ತೊಳೆದ ನೀರನ್ನು ಮಲಗುಂಡಿಗೆ ಸುರಿಯಲಾಗಿತ್ತು. ಆ ಗುಂಡಿಯ ಶಿಥಿಲವಾದ ಇಟ್ಟಿಗೆಗೋಡೆಗೂ ಬಾವಿಗೂ ಕೆಲವೇ ಅಡಿಗಳ ಅಂತರ.

ಹಾಗಾದರೆ ಮೂಲಕಾರಣ ಆ ತಾಯಿಯೇ? ಖಂಡಿತ ಅಲ್ಲ. ಲಕ್ಷಾಂತರ ಜನರ ಮಲಿನ ನೀರು ಮನೆಯಡಿಯ ಗುಂಡಿಗಳಿಗೆ ಸೇರುತ್ತಿದ್ದ, ಕುಡಿಯುವ ನೀರಿಗೂ ಕೊಳಚೆಗೂ ನಡುವೆ ತಡೆಯೇ ಇಲ್ಲದಿದ್ದ ನಗರವ್ಯವಸ್ಥೆಯೇ ಮೂಲಕಾರಣ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ತಿನವರೆಗೆ ಹಬ್ಬಿದ ನಂತರ, ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ ನೇತೃತ್ವದಲ್ಲಿ ಒಳಚರಂಡಿಯ ಬೃಹತ್ ಜಾಲ ನಿರ್ಮಾಣವಾಯಿತು. ಪಂಪಿನ ಹಿಡಿ ತೆಗೆದದ್ದು ತುರ್ತು ಚಿಕಿತ್ಸೆ. ಬೇರಿಗೆ ಕೈ ಹಾಕಿದ್ದು ಒಳಚರಂಡಿ.

ಮಂಗನ ತಪ್ಪೇನು?

ಇದೇ ಬಗೆಯ ಹುಡುಕಾಟವೊಂದು ಕರ್ನಾಟಕದ ಮಲೆನಾಡಿನಲ್ಲೂ ನಡೆದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಮಂಗ ಮತ್ತು ಮನುಷ್ಯ ಜೊತೆಜೊತೆಗೆ ಸಾಯುತ್ತಿದ್ದುದರಿಂದ, ಭಾರತದಲ್ಲಿ ಎಂದೂ ಕಾಣಿಸಿಕೊಳ್ಳದ ಹಳದಿ ಜ್ವರ ಬಂದುಬಿಟ್ಟಿತೇ ಎಂಬ ಆತಂಕ ಮೂಡಿತು.

ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಇಂದು ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ. ಹಳದಿ ಜ್ವರವನ್ನು ಹರಡುವುದು ಸೊಳ್ಳೆ. ಆದರೆ ಇಲ್ಲಿ ಪತ್ತೆಯಾದ ಹೊಸ ವೈರಾಣು, ರಷ್ಯಾದಲ್ಲಿ ಉಣುಗುಗಳ ಮೂಲಕ ಹರಡುವ ಮೆದುಳು ಜ್ವರದ ವೈರಾಣುಗಳ ಬಳಗಕ್ಕೆ ಸೇರಿತ್ತು. ದನಗಳ ಮೈಗೆ ಅಂಟುವ ಉಣುಗು, ಅಂದರೆ ಉಣ್ಣೆಯ ಜಾತಿಯೊಂದು ಇಲ್ಲಿ ರೋಗವಾಹಕವಾಗಿತ್ತು. ಕಾರಣ ತಪ್ಪಾಗಿ ಗ್ರಹಿಸಿ ಸೊಳ್ಳೆಯ ಬೆನ್ನು ಹತ್ತಿದ್ದರೆ ಎಮ್ಮೆಗೆ ಬರೆ ಹಾಕಿದಂತೆಯೇ ಆಗುತ್ತಿತ್ತು.

ಊರ ಹೆಸರಿನಿಂದ ಕ್ಯಾಸನೂರು ಕಾಡಿನ ಕಾಯಿಲೆ ಎಂದು ದಾಖಲಾದರೂ ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಗಿಯೇ ಉಳಿಯಿತು. ಆ ಹೆಸರಿನಲ್ಲೇ ಒಂದು ಆರೋಪವಿದೆ. ವಾಸ್ತವದಲ್ಲಿ ಮಂಗವೂ ಮನುಷ್ಯನಂತೆ ರೋಗಕ್ಕೆ ಬಲಿಯಾಗುವ ಜೀವಿ. ಸೋಂಕು ತಗುಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ, ಆ ಜಾಗ ಅಪಾಯದ ತಾಣವಾಗುತ್ತದೆ. ಸೌದೆಗೆ, ದರಗಿಗೆ, ದನ ಕಾಯಲು ಕಾಡಿಗೆ ಹೋದವರಿಗೆ ಅವು ಅಂಟಿಕೊಳ್ಳುತ್ತವೆ. ಮರಿ ಉಣುಗುಗಳು ಹೆಚ್ಚಾಗುವ ಬೇಸಿಗೆಯ ತಿಂಗಳುಗಳೇ ದರಗು ಗುಡಿಸುವ ಕಾಲವೂ ಆಗಿರುವುದು ಮಲೆನಾಡಿನ ದುರ್ದೈವ.

ಇನ್ನೂ ಒಂದು 'ಏಕೆ' ಉಳಿಯುತ್ತದೆ. ಈ ಉಣುಗುಗಳು ಅಷ್ಟೊಂದು ಹೆಚ್ಚಲು ಕಾರಣವೇನು? ಅಲ್ಲಿ ಅಧ್ಯಯನ ನಡೆಸಿದ ಕೊಲಂಬಿಯಾದ ವಿಜ್ಞಾನಿ ಹಾರ್ಹೆ ಬೊಶೆಲ್ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಾಡಿನ ಬದಲಾದ ಸ್ವರೂಪದತ್ತ ಬೆರಳು ಮಾಡಿದರು. ಕಾಡು ಕಡಿದು ಗದ್ದೆ, ಊರು ವಿಸ್ತರಿಸಿದಂತೆ ಕಾಡಿನಂಚು ಹೆಚ್ಚಿತು. ಅಲ್ಲಿ ಪೊದೆಗಳು ಬೆಳೆದವು. ಮೇಯಲು ಹೋದ ದನಗಳು ಬಲಿತ ಉಣುಗುಗಳಿಗೆ ಹೇರಳ ಆಹಾರವಾದವು. ದನಗಳಿಗೆ ಕಾಯಿಲೆ ಬರುವುದಿಲ್ಲ, ಆದರೆ ಉಣುಗುಗಳ ಸಂತತಿಯನ್ನು ಅವು ಪೋಷಿಸುತ್ತವೆ. ಮುಂದೆ 1982-83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ರೋಗ ಉಲ್ಬಣಿಸಿದಾಗಲೂ, ಗೇರು ತೋಟಕ್ಕಾಗಿ ಕಾಡು ಕಡಿದದ್ದರ ಕಡೆಗೆ ತಜ್ಞರ ಗಮನ ಹರಿಯಿತು. 2012ರ ನಂತರ ಚಾಮರಾಜನಗರ ಜಿಲ್ಲೆಯಲ್ಲಿ, ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲಿ ಕೂಡ ಕಾಯಿಲೆ ಕಾಣಿಸಿಕೊಂಡಿತು.

ಇಲ್ಲಿ ಬೇರು ಗೊತ್ತಿದ್ದರೂ ಅದನ್ನು ಕಿತ್ತೊಗೆಯುವುದು ಸುಲಭವಲ್ಲ. ಗದ್ದೆಗಳನ್ನು ಮತ್ತೆ ಕಾಡಾಗಿಸಲು ಬರುವುದಿಲ್ಲ, ಕಾಡನ್ನೇ ನಂಬಿದವರಿಗೆ ಅತ್ತ ಹೋಗಬೇಡಿ ಎನ್ನಲೂ ಬರುವುದಿಲ್ಲ. ದಶಕಗಳ ಕಾಲ ಬಳಸಿದ ಲಸಿಕೆಯ ಪರಿಣಾಮ ಕುಗ್ಗಿದ್ದರಿಂದ 2022ರಲ್ಲಿ ಅದರ ಬಳಕೆಯೂ ನಿಂತಿತು. ಆದ್ದರಿಂದಲೇ ಸರಪಣಿಯ ಪ್ರತಿ ಕೊಂಡಿಯೂ ಮುಖ್ಯವಾಗುತ್ತದೆ. ಸತ್ತ ಮಂಗದ ಬಗ್ಗೆ ತಕ್ಷಣ ವರದಿ ಮಾಡುವುದು, ಅದು ಬಿದ್ದ ಜಾಗದ ಸುತ್ತ ಕೀಟನಾಶಕ ಸಿಂಪಡಿಸುವುದು, ಕಾಡಿಗೆ ಹೋಗುವ ಮುನ್ನ ಉಣುಗು ನಿರೋಧಕ ತೈಲ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರಿನ ಸ್ನಾನ, ಇವೆಲ್ಲ ಬೇರೆ ಬೇರೆ ಕೊಂಡಿಗಳನ್ನು ಕಳಚುವ ಪ್ರಯತ್ನಗಳೇ. ಬೇರನ್ನು ಪೂರ್ತಿ ಕೀಳಲಾಗದಿದ್ದರೆ, ಯಾವ ಕೊಂಡಿಯನ್ನು ಕಳಚಬಹುದು ಎಂದು ತಿಳಿಸುವುದೂ ವಿಶ್ಲೇಷಣೆಯ ಕೆಲಸ.

ತಪ್ಪಿತಸ್ಥ ಸಿಕ್ಕಿದ ಮೇಲೆ

2010ರ ಮೇ 22ರ ಮುಂಜಾನೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಸಾವಿಗೀಡಾದರು. ಗುಡ್ಡದ ನೆತ್ತಿಯ ಮೇಲಿನ 2,450 ಮೀಟರ್ ಉದ್ದದ ಆ ರನ್‌ವೇಯಲ್ಲಿ, ವಿಮಾನ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ.

ತನಿಖಾ ನ್ಯಾಯಾಲಯ ನೀಡಿದ ವರದಿಯಲ್ಲಿ ನೇರ ಕಾರಣ ಸ್ಪಷ್ಟವಾಗಿಯೇ ಇತ್ತು. ವಿಮಾನ ಇರಬೇಕಾದ ಎತ್ತರಕ್ಕಿಂತ ಮೇಲಿದ್ದರೂ ಮುಖ್ಯ ಪೈಲಟ್ ಇಳಿಯುವ ಯತ್ನವನ್ನು ಕೈಬಿಡಲಿಲ್ಲ. ಸಹಪೈಲಟ್ ಮೂರು ಬಾರಿ ಮತ್ತೆ ಮೇಲೇರುವಂತೆ ಹೇಳಿದರೂ, ಯಂತ್ರದ ಎಚ್ಚರಿಕೆಗಳು ಮೊಳಗಿದರೂ ಅವರು ಮುಂದುವರಿದರು. 'ಯಾರು?' ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಆ ಪೈಲಟ್ ಕೂಡ ಅಪಘಾತದಲ್ಲಿ ಮಡಿದಿದ್ದರಿಂದ ಕಡತವನ್ನು ಅಲ್ಲಿಗೇ ಮುಚ್ಚಬಹುದಿತ್ತು.

ವರದಿ ಅಲ್ಲಿಗೆ ನಿಲ್ಲಲಿಲ್ಲ ಎಂಬುದೇ ಅದರ ಮಹತ್ವ. ಹಾರಾಟದ ವೇಳೆ ಮುಖ್ಯ ಪೈಲಟ್ ದೀರ್ಘ ನಿದ್ರೆಯಲ್ಲಿದ್ದರು. ಎಚ್ಚರವಾದ ನಂತರವೂ ಉಳಿಯುವ ಮಂಪರು ಅವರ ನಿರ್ಧಾರಶಕ್ತಿಯನ್ನು ಕುಗ್ಗಿಸಿರಬಹುದು ಎಂದು ಅದು ಹೇಳಿತು. ಮಂಗಳೂರಿನ ರಾಡಾರ್ ಆಗ ಬಳಕೆಯಲ್ಲಿರಲಿಲ್ಲ. ಹೀಗಾಗಿ ಎಂದಿಗಿಂತ ಹತ್ತಿರ ಬಂದ ಮೇಲಷ್ಟೇ ಕೆಳಗಿಳಿಯಲು ಅನುಮತಿ ಸಿಕ್ಕಿತು, ಅದಕ್ಕೆ ತಕ್ಕಂತೆ ಇಳಿಯುವ ಯೋಜನೆಯನ್ನು ಸಿಬ್ಬಂದಿ ಮಾಡಿಕೊಳ್ಳಲಿಲ್ಲ ಎಂದು ದಾಖಲಿಸಿತು. ಅಪಾಯವನ್ನು ಅರಿತಿದ್ದ ಸಹಪೈಲಟ್ ತಾವೇ ನಿಯಂತ್ರಣ ತೆಗೆದುಕೊಳ್ಳಲಿಲ್ಲವೇಕೆ ಎಂಬ ಪ್ರಶ್ನೆಗೆ, ಅಂತಹ ಸಂದರ್ಭದಲ್ಲಿ ಸಹಪೈಲಟ್‌ಗೆ ಇರುವ ಅಧಿಕಾರದ ಬಗ್ಗೆ ಸೂಚನೆಗಳಲ್ಲೇ ಇದ್ದ ಗೊಂದಲ ಕಾರಣವಿರಬಹುದು ಎಂದಿತು.

ಒಬ್ಬ ವ್ಯಕ್ತಿಯನ್ನು ದೂರಿ ಸುಮ್ಮನಾದರೆ ಈ ಮೂರೂ ದೋಷಗಳು ಮುಂದಿನ ವಿಮಾನದಲ್ಲಿ, ಮುಂದಿನ ಪೈಲಟ್‌ಗಾಗಿ ಹಾಗೆಯೇ ಕಾದಿರುತ್ತವೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಪ್ರಚುರಪಡಿಸಿದ ಮಾದರಿ ಇದನ್ನೇ ಹೇಳುತ್ತದೆ. ಪ್ರತಿ ವ್ಯವಸ್ಥೆಯಲ್ಲೂ ಹಲವು ರಕ್ಷಣಾ ಪದರಗಳಿರುತ್ತವೆ, ಪ್ರತಿ ಪದರದಲ್ಲೂ ತೂತುಗಳಿರುತ್ತವೆ. ಅವರು ತೂತುಗಳಿರುವ ಚೀಸ್ ಹೋಳುಗಳ ಹೋಲಿಕೆ ಕೊಟ್ಟರು. ಕನ್ನಡಿಗರು ದೋಸೆಗಳನ್ನು ಊಹಿಸಿಕೊಳ್ಳಬಹುದು. ಹಲವು ದೋಸೆಗಳನ್ನು ಒಂದರ ಹಿಂದೊಂದು ಹಿಡಿದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಲ್ಲ ತೂತುಗಳೂ ಒಂದೇ ಗೆರೆಗೆ ಬಂದ ದಿನ ಅಪಘಾತ ಸಂಭವಿಸುತ್ತದೆ.

ವ್ಯಕ್ತಿಗೆ ಹೊಣೆಯೇ ಇಲ್ಲ ಎಂಬುದು ಇದರ ಅರ್ಥವಲ್ಲ. ಉದ್ದೇಶಪೂರ್ವಕ ಅಪರಾಧಕ್ಕೆ ಕಾನೂನಿನಲ್ಲಿ ದಾರಿಯಿದೆ. ಆದರೆ ಶಿಕ್ಷೆಯ ವಿಚಾರಣೆ ಮತ್ತು ಕಾರಣದ ವಿಚಾರಣೆ ಎರಡು ಬೇರೆ ಕೆಲಸಗಳು. ಶಿಕ್ಷೆಯ ಭಯ ಆವರಿಸಿದಲ್ಲಿ ಜನ ನಿಜ ಹೇಳುವುದಿಲ್ಲ. ನಿಜ ಹೊರಬಾರದಲ್ಲಿ ಬೇರು ಸಿಗುವುದಿಲ್ಲ.

ಕಂಡುಕೊಂಡದ್ದನ್ನು ಪರೀಕ್ಷಿಸಬೇಕು

ಎಷ್ಟೇ ತಾರ್ಕಿಕವಾಗಿ ಕಂಡರೂ ಪರೀಕ್ಷೆಗೆ ಒಳಪಡದ ಕಾರಣ ಊಹೆಯಷ್ಟೇ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ತಲುಪುವ ಹೊಸ್ತಿಲಲ್ಲಿ ಬೆಂಗಳೂರಿನ ನಿಯಂತ್ರಣ ಕೇಂದ್ರದ ಸಂಪರ್ಕ ಕಳೆದುಕೊಂಡಿತು. ಇಸ್ರೊ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ 2023ರ ಜುಲೈನಲ್ಲಿ ವಿವರಿಸಿದಂತೆ, ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ಒತ್ತಡ ಉಂಟುಮಾಡಿದ್ದರಿಂದ ಪಥದ ದೋಷಗಳು ಸೇರುತ್ತ ಹೋದವು. ಅದನ್ನು ತಿದ್ದಲು ನೌಕೆ ವೇಗವಾಗಿ ತಿರುಗಬೇಕಾದಾಗ ತಂತ್ರಾಂಶದ ಮಿತಿ ಅಡ್ಡಬಂತು. ಇಳಿಯಲು ಗುರುತಿಸಿದ್ದ ಜಾಗ ಕೇವಲ 500 ಮೀಟರ್ ಉದ್ದ, 500 ಮೀಟರ್ ಅಗಲದ್ದಾಗಿದ್ದರಿಂದ, ಅದನ್ನು ತಲುಪುವ ಯತ್ನದಲ್ಲಿ ವೇಗ ಏರಿತು.

ಮುಂದಿನ ನೌಕೆಯಲ್ಲಿ ಈ ಒಂದೊಂದು ಕಾರಣಕ್ಕೂ ಉತ್ತರವಿತ್ತು. ಎಂಜಿನ್‌ಗಳು ನಾಲ್ಕಾದವು. ತಂತ್ರಾಂಶ ಬದಲಾಯಿತು. ಇಳಿಯುವ ಪ್ರದೇಶ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. ಹೆಚ್ಚುವರಿ ಇಂಧನ ತುಂಬಲಾಯಿತು, ಕಾಲುಗಳನ್ನು ಗಟ್ಟಿಗೊಳಿಸಲಾಯಿತು. ಯಾವುದು ಸರಿಹೋಗಬೇಕು ಎಂಬುದಕ್ಕಿಂತ ಯಾವುದು ಕೆಡಬಹುದು ಎಂಬುದನ್ನು ಆಧರಿಸಿ ವಿನ್ಯಾಸ ಮಾಡಲಾಯಿತು ಎಂದು ಇಸ್ರೊ ಹೇಳಿಕೊಂಡಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಸುರಕ್ಷಿತವಾಗಿ ಇಳಿಯಿತು. ವಿಶ್ಲೇಷಣೆ ಕಡತದಲ್ಲಿ ಉಳಿಯದೆ ಬದಲಾವಣೆಯಾಗಿ ಮಾರ್ಪಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಮನೆ, ಕಚೇರಿ, ಬಡಾವಣೆಗಳಲ್ಲಿ

ಈ ವಿಧಾನಗಳಿಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್, ಸ್ವಲ್ಪ ತಾಳ್ಮೆ ಸಾಕು. ಅನುಸರಿಸಬೇಕಾದ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು.

* ಸಮಸ್ಯೆಯನ್ನು ಖಚಿತವಾಗಿ ಬರೆಯಬೇಕು. 'ನೀರಿನ ತೊಂದರೆ' ಎಂಬುದಕ್ಕಿಂತ 'ಮೂರನೆಯ ಅಡ್ಡರಸ್ತೆಯ ಮನೆಗಳಿಗೆ ವಾರದಲ್ಲಿ ಎರಡು ದಿನ ಮಾತ್ರ ನೀರು ಬರುತ್ತಿದೆ' ಎಂಬುದು ಹೆಚ್ಚು ಉಪಯುಕ್ತ.

* ಯಾವಾಗ ಆರಂಭವಾಯಿತು, ಎಲ್ಲಿದೆ, ಎಲ್ಲಿಲ್ಲ ಎಂದು ಗುರುತಿಸಬೇಕು. ನಾಲ್ಕನೆಯ ಅಡ್ಡರಸ್ತೆಗೆ ನೀರು ಸರಿಯಾಗಿ ಬರುತ್ತಿದ್ದರೆ, ಎರಡರ ನಡುವಿನ ವ್ಯತ್ಯಾಸದಲ್ಲೇ ಸುಳಿವಿರುತ್ತದೆ.

* ಸಾಧ್ಯವಿರುವ ಕಾರಣಗಳನ್ನೆಲ್ಲ ಮೀನಿನ ಮುಳ್ಳಿನಂತೆ ಹರಡಿ, ಎಣಿಸಿ, ದೊಡ್ಡದನ್ನು ಆರಿಸಬೇಕು. ಈ ಹಂತದಲ್ಲಿ ವಾಲ್ವ್ ತಿರುಗಿಸುವ ನೌಕರನ ಮಾತಿಗೆ ಎಂಜಿನಿಯರ್ ಮಾತಿನಷ್ಟೇ ಬೆಲೆ ಇರಬೇಕು. ಕೆಲಸ ಮಾಡುವವರಿಗೆ ಗೊತ್ತಿರುವುದು ಮೇಲಿನವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ.

* ಆರಿಸಿದ ಕಾರಣದ ಹಿಂದೆ 'ಏಕೆ' ಎಂದು ಕೇಳುತ್ತ ಹೋಗಬೇಕು. ಪ್ರತಿ ಉತ್ತರಕ್ಕೂ ಆಧಾರ ಬೇಕು. ವ್ಯಕ್ತಿಯ ಹೆಸರು ಉತ್ತರವಾಗಿ ಬಂದರೆ, ಆತ ಹಾಗೆ ಮಾಡಲು ಏನು ಅನುವು ಮಾಡಿಕೊಟ್ಟಿತು ಎಂದು ಇನ್ನೊಮ್ಮೆ ಕೇಳಬೇಕು.

* ಬದಲಾವಣೆ ಮಾಡಿದ ಮೇಲೆ ಕಾದು ನೋಡಬೇಕು. ಸಮಸ್ಯೆ ಮರುಕಳಿಸಿದರೆ, ಸಿಕ್ಕಿದ್ದು ಬೇರಲ್ಲ, ಕೊಂಬೆ ಎಂದು ಒಪ್ಪಿಕೊಂಡು ಮತ್ತೆ ಆರಂಭಿಸಬೇಕು.

ಈ ಕೊನೆಯ ಹಂತವೇ ಅತ್ಯಂತ ಕಷ್ಟದ್ದು. ಗುಂಡಿ ಮುಚ್ಚಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಚರಂಡಿ ಸರಿಯಾದುದರಿಂದ ಬಾಯ್ದೆರೆಯದೇ ಹೋದ ಗುಂಡಿಯನ್ನು ಯಾರೂ ನೋಡುವುದಿಲ್ಲ. ಅಮಾನತಾದ ನೌಕರ ಸುದ್ದಿಯಾಗುತ್ತಾನೆ. ತಿದ್ದಿದ ನಿಯಮ ಸುದ್ದಿಯಾಗುವುದಿಲ್ಲ. ಆದ್ದರಿಂದ ಯಾವುದೇ ಅವಘಡದ ನಂತರ 'ತಪ್ಪಿತಸ್ಥರ ವಿರುದ್ಧ ಕಠಿಣ ಕ್ರಮ' ಎಂಬ ಹೇಳಿಕೆ ಹೊರಬಿದ್ದಾಗ, ನಾಗರಿಕರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದು ಮತ್ತೆ ಆಗದಂತೆ ಬದಲಾಯಿಸಿದ್ದು ಏನನ್ನು?